ಹೊಳೆ ತಳ ನೋಡುವ ಡಬ್ಬ: ಕಪ್ಪೆಚಿಪ್ಪು ಹುಡುಕುವವರು ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಕೊಳ್ಳಬಹುದು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹೊಳೆ, ತೋಡು, ಕೆರೆ ಎಲ್ಲೇ ಆಗಲಿ, ತಳದಲ್ಲಿ ಏನಿದೆ ಅಂತ ಕೈ ಹಾಕಿ ಕಲಕದೆ ಇದ್ದಲ್ಲೇ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಸುಲಭದ ಸಾಮಾನು ನನಗೆ ಸಿಕ್ಕಿಲ್ಲ. ಒಂದು ಸ್ಟಾರ್ ಯಾಕೆ ಕಡಿಮೆ ಅಂತಲೂ ಬರೆಯುತ್ತೇನೆ. ಆದರೆ ಈ ಡಬ್ಬ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಾಗಬೇಕಾದರೆ ಅದರಲ್ಲಿ ಏನು ನೋಡಿದೆ ಅಂತ ಹೇಳಲೇಬೇಕು. ಹಾಗಾಗಿ ಇಲ್ಲಿ ಡಬ್ಬಕ್ಕಿಂತ ಕಪ್ಪೆಚಿಪ್ಪಿನ ವಿಷಯವೇ ಜಾಸ್ತಿ.

ಸಾಮಾನು ಏನು ಅಂದರೆ, ಮೇಲೆ ಕಿರಿದಾಗಿ ಕೆಳಗೆ ಅಗಲ ಆಗುವ ಒಂದು ಪ್ಲಾಸ್ಟಿಕ್ ಡಬ್ಬ. ಮೊಣಕೈಯಷ್ಟು ಉದ್ದ. ಕೆಳಗೆ ಪಾರದರ್ಶಕ ಅಕ್ರಿಲಿಕ್ ಹಾಳೆ, ಎರಡೂ ಬದಿಗೆ ಹಿಡಿ, ಮೇಲೆ ಮುಖ ಇಡುವಲ್ಲಿ ಮೆತ್ತನೆಯ ರಬ್ಬರು. ಆನ್‌ಲೈನಿನಲ್ಲಿ ಅಂಡರ್‌ವಾಟರ್ ವ್ಯೂವರ್, ಅಕ್ವಾಸ್ಕೋಪ್ ಅಂತ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಎರಡು ಸಾವಿರ ರೂಪಾಯಿಯ ಆಸುಪಾಸು. ನನ್ನದರ ಮೇಲೆ ಯಾವ ಬ್ರ್ಯಾಂಡಿನ ಹೆಸರೂ ಇಲ್ಲ. ಬ್ಯಾಟರಿ ಇಲ್ಲ, ಲೆನ್ಸ್ ಇಲ್ಲ, ಕೆಡುವಂಥ ಯಂತ್ರ ಏನೂ ಇಲ್ಲ. ಹೊರದೇಶಗಳಲ್ಲಿ ಹೊಳೆಯ ಚಿಪ್ಪುಗಳನ್ನು ಎಣಿಸುವವರು ಇಂಥದ್ದನ್ನೇ ಹಿಡಿದು ನೀರಿಗೆ ಇಳಿಯುತ್ತಾರೆ.

ಕೆಲಸ ಮಾಡುವ ರೀತಿ ಸರಳ. ದಡದಲ್ಲಿ ನಿಂತು ನೋಡುವಾಗ ಅಡ್ಡ ಬರುವುದು ಎರಡೇ, ನೀರಿನ ಮೇಲಿನ ಸಣ್ಣ ಅಲೆ ಮತ್ತು ಅಲ್ಲಿ ಹೊಳೆಯುವ ಆಕಾಶ. ಅಕ್ರಿಲಿಕ್ ಹಾಳೆ ಒಂದೆರಡು ಇಂಚು ಮುಳುಗಿದರೆ ಸಾಕು, ಎರಡೂ ಮಾಯ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ತಳ ಸ್ವಲ್ಪ ಹತ್ತಿರವೂ ಕಾಣುತ್ತದೆ. ನಾಲ್ಕು ಅಡಿ ಆಳದ ನೀರು ಮೂರು ಅಡಿಯಷ್ಟೇ ಅನ್ನಿಸುತ್ತದೆ. ಕಾಲಿಡುವಾಗ ಇದು ನೆನಪಿರಲಿ, ಅಂದಾಜು ತಪ್ಪುತ್ತದೆ.

ನಮ್ಮದು ಕೊಡಗಿನ ಸಿದ್ದಾಪುರದ ಕಡೆ. ತೋಟ ಇಳಿದರೆ ಕಾವೇರಿ. ಮಳೆಗಾಲದಲ್ಲಿ ಈ ಡಬ್ಬ ಅಟ್ಟದ ಮೇಲೇ ಇರಲಿ, ಕೆಂಪು ನೀರಿನಲ್ಲಿ ಏನೂ ಕಾಣುವುದಿಲ್ಲ. ನವೆಂಬರ್, ಡಿಸೆಂಬರಿನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ ನೀರು ತಿಳಿಯಾಗುತ್ತಾ ಬರುತ್ತದೆ. ಜನವರಿ, ಫೆಬ್ರವರಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಯ ನಂತರ, ಬಿಸಿಲು ನೀರೊಳಗೆ ಇಳಿಯುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು.

ನಮ್ಮ ಕಡೆ ಮರಳು, ಕೆಸರು ಇರುವ ನಿಧಾನ ನೀರಿನಲ್ಲಿ ಸಾಮಾನ್ಯವಾಗಿ ಸಿಗುವುದು ಲ್ಯಾಮೆಲ್ಲಿಡೆನ್ಸ್ ಜಾತಿಯ ಕಪ್ಪೆಚಿಪ್ಪು. ಅಂಗೈಯಷ್ಟು ಉದ್ದ ಬೆಳೆಯುತ್ತದೆ, ಬಣ್ಣ ಕಂದು ಹಸಿರಿನಿಂದ ಕಪ್ಪಿನವರೆಗೆ. ಬೇಸಿಗೆಯಲ್ಲಿ ನೀರು ಇಳಿದ ಜಾಗದಲ್ಲಿ ಒದ್ದೆ ಮರಳಿನ ಮೇಲೆ ಉದ್ದಕ್ಕೆ ಗೀರು ಎಳೆದ ಹಾಗೆ ಇರುತ್ತದಲ್ಲ, ಅದರ ಕೊನೆಯಲ್ಲಿ ಹೂತುಕೊಂಡು ಕೂತಿರುವುದು ಇದೇ. ಚಿಪ್ಪಿನಿಂದ ನಾಲಿಗೆಯಂಥ ಕಾಲೊಂದನ್ನು ಹೊರಗೆ ಚಾಚಿ, ಮರಳಲ್ಲಿ ಊರಿ, ಮೈಯನ್ನು ಎಳೆದುಕೊಳ್ಳುತ್ತದೆ. ಹೀಗೆ ಎಳೆದುಕೊಂಡೇ ಇಳಿಯುವ ನೀರಿನ ಹಿಂದೆ ಹೋಗುತ್ತದೆ.

ಡಬ್ಬ ಇಲ್ಲದೆ ಇದನ್ನು ಜೀವಂತ ನೋಡುವುದು ಕಷ್ಟ. ಯಾಕೆಂದರೆ ಮುಕ್ಕಾಲು ಪಾಲು ಮರಳೊಳಗೆ ಹೂತಿರುತ್ತದೆ. ಮೇಲೆ ಕಾಣುವುದು ಅರ್ಧ ಬೆರಳಿನ ಉದ್ದದ ಒಂದು ಸೀಳು ಮಾತ್ರ. ಕಲ್ಲಿನ ಅಂಚು ಅಂತ ದಾಟಿ ಹೋಗುತ್ತೇವೆ. ನನ್ನ ಜೊತೆ ಬಂದಿದ್ದ ಅಕ್ಕನ ಮಗಳು ಡಬ್ಬಕ್ಕೆ ಮುಖ ಇಟ್ಟುಕೊಂಡು ಸುಮಾರು ಹೊತ್ತು ಮಾತಾಡಲೇ ಇಲ್ಲ. ಆಮೇಲೆ ತಲೆ ಎತ್ತದೆ ಹೇಳಿದಳು, "ಮಾವ, ಇಲ್ಲಿ ಮರಳಲ್ಲಿ ಒಂದು ಸೀಳು ಇದೆ ನೋಡಿ, ನಾನು ಪಕ್ಕಕ್ಕೆ ಬಾಗಿದ್ರೆ ಮುಚ್ಕೊಳ್ತಿದೆ." ಸರಿಯಾಗಿಯೇ ನೋಡಿದ್ದಳು. ನೆರಳು ಬಿದ್ದರೆ ಇವು ಮುಚ್ಚಿಕೊಳ್ಳುತ್ತವೆ. ಹಾಗಾಗಿ ಸೂರ್ಯನಿಗೆ ಮುಖ ಮಾಡಿ ನಿಲ್ಲಿ, ನೆರಳು ನಿಮ್ಮ ಹಿಂದೆ ಬೀಳಲಿ. ನೀರು ಬರುವ ದಿಕ್ಕಿಗೂ ಮುಖ ಮಾಡಿದ್ದರೆ ಇನ್ನೂ ಒಳ್ಳೆಯದು, ನೀವು ಕಲಕಿದ ಮರಳು ಹಿಂದಕ್ಕೆ ಹೋಗುತ್ತದೆ.

ಅಲ್ಲಾಡದೆ ಕಾದರೆ ಸೀಳು ಮತ್ತೆ ಬಿಡುತ್ತದೆ. ಆಗ ಸರಿಯಾಗಿ ನೋಡಿ. ಅಲ್ಲಿರುವುದು ಒಂದಲ್ಲ, ಎರಡು ಬಾಯಿ. ಒಂದರ ಅಂಚಿಗೆ ಸಣ್ಣ ಸಣ್ಣ ಎಳೆಗಳ ಜಾಲರಿ, ಇನ್ನೊಂದರ ಅಂಚು ನುಣುಪು. ಜಾಲರಿ ಇರುವುದು ನೀರು ಒಳಗೆ ಹೋಗುವ ದಾರಿ, ನುಣುಪು ಇರುವುದು ಹೊರಗೆ ಬರುವ ದಾರಿ. ನೀರಲ್ಲಿ ತೇಲಿ ಬರುವ ಒಂದು ಕಸದ ಚೂರನ್ನು ಕಣ್ಣಲ್ಲೇ ಹಿಂಬಾಲಿಸಿದರೆ, ಅದು ಹರಿವು ಬಿಟ್ಟು ಇದ್ದಕ್ಕಿದ್ದಂತೆ ಕೆಳಗೆ ತಿರುಗಿ ಆ ಜಾಲರಿಯತ್ತ ಹೋಗುವುದು ಕಾಣುತ್ತದೆ. ದೊಡ್ಡ ಚೂರಾದರೆ ಎಳೆಗಳು ತಡೆಯುತ್ತವೆ. ಚಿಕ್ಕದಾದರೆ ಒಳಗೆ ಹೋಯಿತು. ಒಳಗಡೆ ಕಿವಿರುಗಳಲ್ಲಿ ಪಾಚಿ, ಬ್ಯಾಕ್ಟೀರಿಯಾ ಎಲ್ಲ ಸೋಸಿ, ಬೇಕಾದ್ದು ತಿಂದು, ಬೇಡದ್ದನ್ನು ಲೋಳೆಯಲ್ಲಿ ಸುತ್ತಿ ಹೊರಗೆ ಹಾಕುತ್ತದೆ. ಯುರೋಪಿನ ಮುತ್ತಿನ ಚಿಪ್ಪು ಒಂದೊಂದು ದಿನಕ್ಕೆ 50 ಲೀಟರಿನವರೆಗೆ ನೀರು ಸೋಸುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಹೊಳೆ ತನ್ನಷ್ಟಕ್ಕೆ ತಿಳಿಯಾಗುತ್ತದೆ ಅಂತ ನಾವು ಸುಮ್ನೆ ಹೇಳುತ್ತೇವೆ. ತಳದಲ್ಲಿ ಕೂತು ಹಗಲು ರಾತ್ರಿ ಸೋಸುವವರು ಇದ್ದಾರೆ ಅಂತ ಈ ಡಬ್ಬದಲ್ಲಿ ಕಣ್ಣಾರೆ ಕಾಣುತ್ತದೆ. ನನ್ನ ನಾಲ್ಕು ಸ್ಟಾರ್‌ನಲ್ಲಿ ಮೂರು ಇದಕ್ಕೇ.

ಇಷ್ಟಕ್ಕೆ ಡಬ್ಬ ಯಾಕೆ, ಕೈಯಲ್ಲಿ ಎತ್ತಿ ನೋಡಿ ವಾಪಸ್ ಹಾಕಿದರೆ ಆಗಲ್ವಾ ಅಂತ ಕೇಳುವವರು ಇದ್ದಾರೆ. ಆಗುವುದಿಲ್ಲ. ಇದರ ಸಂತಾನ ಬೆಳೆಯುವ ದಾರಿ ಗೊತ್ತಾದರೆ ನೀವೇ ಕೈ ಹಿಂದೆ ತೆಗೆಯುತ್ತೀರಿ.

ಗಂಡು ಚಿಪ್ಪು ವೀರ್ಯವನ್ನು ನೀರಿಗೆ ಬಿಡುತ್ತದೆ. ಹರಿವಿನ ಕೆಳಗಡೆ ಇರುವ ಹೆಣ್ಣು ಊಟದ ನೀರಿನ ಜೊತೆಗೇ ಅದನ್ನೂ ಒಳಗೆ ಎಳೆದುಕೊಳ್ಳುತ್ತದೆ. ಮೊಟ್ಟೆ ಇರುವುದು ಕಿವಿರಿನ ಒಳಗೆ, ಮರಿ ಬೆಳೆಯುವುದೂ ಅಲ್ಲೇ. ಈ ಹಂತದ ಮರಿಯನ್ನು ಗ್ಲೋಕಿಡಿಯಮ್ ಅನ್ನುತ್ತಾರೆ. ಎರಡು ಪುಟ್ಟ ಚಿಪ್ಪು ಇರುತ್ತದೆ, ಗಾತ್ರ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ತಾಯಿ ಇವನ್ನು ಲಕ್ಷಗಟ್ಟಲೆ ನೀರಿಗೆ ಬಿಡುತ್ತದೆ. ಯುರೋಪಿನ ಮುತ್ತಿನ ಚಿಪ್ಪಾದರೆ ಒಂದು ಸಲಕ್ಕೆ ಹತ್ತಾರು ಲಕ್ಷ. ಅಲ್ಲಿಂದ ಕೆಲವೇ ದಿನಗಳ ಒಳಗೆ ಒಂದು ಮೀನು ಸಿಗಬೇಕು. ಯಾವುದೋ ಮೀನು ಅಲ್ಲ, ತನ್ನ ಜಾತಿಗೆ ಒಗ್ಗುವ ಮೀನೇ ಆಗಬೇಕು. ಅದರ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡರೆ ಮೀನಿನ ಚರ್ಮ ಸುತ್ತ ಬೆಳೆದು ಮರಿಯನ್ನು ಮುಚ್ಚುತ್ತದೆ. ಒಳಗೆ ಅದು ರೂಪ ಬದಲಿಸಿ ಸಣ್ಣ ಕಪ್ಪೆಚಿಪ್ಪಾಗುತ್ತದೆ. ಕೆಲವು ಜಾತಿಗೆ ವಾರಗಳು ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು. ಆಮೇಲೆ ಮೀನನ್ನು ಬಿಟ್ಟು ತಳಕ್ಕೆ ಬೀಳುತ್ತದೆ. ಬಿದ್ದ ಜಾಗ ಕೆಸರಾಗಿದ್ದರೆ ಸತ್ತಿತು. ಸಣ್ಣ ಜಲ್ಲಿ, ಮರಳು, ಅದರ ಸಂದಿಯಲ್ಲಿ ಹರಿಯುವ ತಾಜಾ ನೀರು, ಇಷ್ಟೂ ಇದ್ದರೆ ಮಾತ್ರ ಬದುಕುತ್ತದೆ. ಮುತ್ತಿನ ಚಿಪ್ಪಿನ ಮರಿಗಳು ಹಾಗೆ ಜಲ್ಲಿಯ ಒಳಗೇ ನಾಲ್ಕೈದು ವರ್ಷ ಅಡಗಿರುತ್ತವೆ. ಮರಿ ಮಾಡುವ ವಯಸ್ಸಿಗೆ ಬರುವುದಕ್ಕೆ ಹತ್ತು ವರ್ಷದ ಮೇಲೆ ಬೇಕು. ಬದುಕಿದರೆ ನೂರು ವರ್ಷ ದಾಟುತ್ತವೆ.

ಇದಕ್ಕೆ ತಿರುಗಾ, ಚಿಪ್ಪಿನೊಳಗೆ ಮೊಟ್ಟೆ ಇಡುವ ಮೀನೂ ಬೇರೆ ಕಡೆ ಇದೆ ಅಂದರೆ ನಂಬಬೇಕು. ಯುರೋಪ್, ಚೀನಾ, ಜಪಾನ್ ಕಡೆಯ ಬಿಟರ್‌ಲಿಂಗ್ ಅನ್ನುವ ಪುಟ್ಟ ಮೀನು ತನ್ನ ಮೊಟ್ಟೆಯನ್ನು ಕಪ್ಪೆಚಿಪ್ಪಿನ ಕಿವಿರಿನೊಳಗೇ ಇಡುತ್ತದೆ. ಚಿಪ್ಪಿಗೆ ಮೀನು ಬೇಕು, ಆ ಮೀನಿಗೆ ಚಿಪ್ಪು ಬೇಕು.

ಈಗ ಕೈ ಹಾಕುವ ವಿಷಯಕ್ಕೆ ಬರೋಣ. ಮರಿ ಹೊತ್ತಿರುವ ಹೆಣ್ಣನ್ನು ಕಿತ್ತು ಮೇಲೆತ್ತಿದರೆ ಗಾಬರಿಯಲ್ಲಿ ಮರಿಗಳನ್ನು ಬಲಿಯುವ ಮೊದಲೇ ಹೊರಗೆ ಹಾಕಿಬಿಡುತ್ತದೆ. ಆ ಸಲದ ಬಸಿರು ಅಲ್ಲಿಗೆ ಮುಗಿಯಿತು. ಹೊರಗಿನಿಂದ ನೋಡಿ ಬಸಿರು ಅಂತ ನಮಗೆ ಗೊತ್ತಾಗುವುದೂ ಇಲ್ಲ. ಇನ್ನು ಕೆಲವರು ಮುತ್ತು ಇದೆಯಾ ಅಂತ ಚಾಕು ತೂರಿಸಿ ಬಿಡಿಸುತ್ತಾರೆ. ಎರಡು ಚಿಪ್ಪನ್ನು ಹಿಡಿದಿರುವ ಸ್ನಾಯು ಹರಿದರೆ ಅದು ಮತ್ತೆ ಮುಚ್ಚಿಕೊಳ್ಳಲು ಆಗುವುದಿಲ್ಲ, ಸಾಯುತ್ತದೆ. ಕೆರೆಯಲ್ಲಿ ಮುತ್ತು ಬೆಳೆಸುವ ಯೋಚನೆ ಇರುವವರು ಅದಕ್ಕೆ ಇರುವ ತರಬೇತಿ ಪಡೆದು, ಸಾಕಿದ ಚಿಪ್ಪಿನಲ್ಲಿ ಮಾಡಲಿ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಇದೇ ಲ್ಯಾಮೆಲ್ಲಿಡೆನ್ಸ್‌ನಲ್ಲಿ ಮುತ್ತು ಬೆಳೆಸುವ ವಿಧಾನ ರೂಪಿಸಿದೆ. ಹೊಳೆಯಿಂದ ಮೂಟೆ ಕಟ್ಟಿ ತರುವುದನ್ನು ನಾನು ಒಪ್ಪುವುದಿಲ್ಲ. ಅಂಥವರಿಗೆ ಈ ಡಬ್ಬ ಕೊಳ್ಳಿ ಅಂತ ಹೇಳುವುದೂ ಇಲ್ಲ.

ಮೀನನ್ನು ಹಿಡಿಯುವುದಕ್ಕೆ ಕೆಲವು ಚಿಪ್ಪುಗಳು ಮಾಡುವ ಕೆಲಸ ಓದಿ ನನಗೆ ಆ ದಿನ ಬೇರೆ ಏನೂ ಓದಬೇಕು ಅನ್ನಿಸಲಿಲ್ಲ. ಅಮೆರಿಕದ ಹೊಳೆಗಳಲ್ಲಿ ಲ್ಯಾಂಪ್ಸಿಲಿಸ್ ಅನ್ನುವ ಗುಂಪು ಇದೆ. ಹೆಣ್ಣಿನ ಚಿಪ್ಪಿನ ಅಂಚಿನಿಂದ ಹೊರಚಾಚುವ ಮಾಂಸದ ಪದರ ಥೇಟ್ ಒಂದು ಸಣ್ಣ ಮೀನು. ಕಣ್ಣಿನ ಚುಕ್ಕೆ, ಬಾಲ, ಈಜುವ ಹಾಗೆ ಅಲ್ಲಾಡುವುದು, ಎಲ್ಲ ಇದೆ. ದೊಡ್ಡ ಮೀನು ತಿನ್ನಲು ಬಂದು ಬಾಯಿ ಹಾಕಿದರೆ ಮರಿಗಳು ಅದರ ಬಾಯಿಗೇ ಸಿಡಿದು ಕಿವಿರಿಗೆ ಹತ್ತುತ್ತವೆ. ಚಿಪ್ಪಿಗೆ ಕಣ್ಣೇ ಇಲ್ಲ, ತಾನು ಮಾಡಿದ ಮೀನಿನ ರೂಪವನ್ನು ಅದು ಯಾವತ್ತೂ ನೋಡಿಲ್ಲ. ಇನ್ನೊಂದು ಸ್ನಫ್‌ಬಾಕ್ಸ್ ಅನ್ನುವ ಅಪರೂಪದ ಜಾತಿ. ಇದು ಲಾಗ್‌ಪರ್ಚ್ ಅನ್ನುವ ಮೀನನ್ನು ನೇರವಾಗಿ ಹಿಡಿದೇಬಿಡುತ್ತದೆ. ಆ ಮೀನಿಗೆ ಮೂತಿಯಲ್ಲಿ ಕಲ್ಲು ಮಗುಚಿ ಹುಳ ಹುಡುಕುವ ಅಭ್ಯಾಸ. ಹಾಗೆ ಮೂತಿ ತಂದಾಗ ಚಿಪ್ಪು ಟಪ್ ಅಂತ ಮುಚ್ಚಿ ಅದರ ತಲೆಯನ್ನು ಹಿಡಿದುಕೊಂಡು, ಮರಿಗಳನ್ನು ಅದರ ಕಿವಿರಿನ ಮೇಲೆ ಬಿಟ್ಟು, ಆಮೇಲೆ ಬಿಡುತ್ತದೆ. ಲಾಗ್‌ಪರ್ಚ್‌ನ ತಲೆ ಗಟ್ಟಿ, ಅದು ಬದುಕಿಕೊಳ್ಳುತ್ತದೆ. ಬೇರೆ ಸಣ್ಣ ಮೀನು ಸಿಕ್ಕಿಬಿದ್ದರೆ ಆ ಹಿಡಿತಕ್ಕೆ ಸಾಯುತ್ತದೆ.

ಇಷ್ಟೆಲ್ಲ ಜಾಣತನ ಇದ್ದೂ ಉತ್ತರ ಅಮೆರಿಕದಲ್ಲಿರುವ ಸುಮಾರು 300 ಜಾತಿಗಳಲ್ಲಿ ಹೆಚ್ಚಿನವು ಕಷ್ಟದಲ್ಲಿವೆ. ಅಲ್ಲಿ 1891ರ ಹೊತ್ತಿಗೆ ಶುರುವಾದ ಚಿಪ್ಪಿನ ಗುಂಡಿ ಉದ್ಯಮ ಹೊಳೆಗಳನ್ನು ಬರಿದು ಮಾಡಿತು. ಅಂಗಿಯ ಗುಂಡಿಗೋಸ್ಕರ ಟನ್‌ಗಟ್ಟಲೆ ಎತ್ತಿದರು. ಆಮೇಲೆ ಜಪಾನಿನ ಮುತ್ತುಗಳ ಒಳಗೆ ಇಡುವ ಮಣಿಗೂ ಅದೇ ಹೊಳೆಗಳ ಚಿಪ್ಪು ಹೋಯಿತು. ಆದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಅಣೆಕಟ್ಟು. ಮೀನು ಮೇಲೆ ಬರದಿದ್ದರೆ ಚಿಪ್ಪಿನ ಮರಿಗೆ ಸವಾರಿಯೇ ಇಲ್ಲ.

ಸ್ಪೇನಿನ ಎಬ್ರೊ ನದಿಯ ದೊಡ್ಡ ಮುತ್ತಿನ ಚಿಪ್ಪು, ಮೊದಲು ಮಾರ್ಗರಿಟಿಫೆರಾ ಆರಿಕ್ಯುಲೇರಿಯಾ ಅನ್ನುತ್ತಿದ್ದರು, ಈಗ ಸ್ಯೂಡುನಿಯೊ ಆರಿಕ್ಯುಲೇರಿಯಸ್, ಇದಕ್ಕೆ ಸಿಗುವ ಅತ್ಯಂತ ನೋವಿನ ಉದಾಹರಣೆ. ಅದರ ಮರಿ ಹೊರುತ್ತಿದ್ದ ಮುಖ್ಯ ಮೀನು ಸ್ಟರ್ಜನ್. ಆ ಮೀನು ಅಲ್ಲಿಂದ ಕಾಣೆಯಾಯಿತು. ಉಳಿದ ಮುದಿ ಚಿಪ್ಪುಗಳು ಮರಿಯನ್ನು ಬಿಟ್ಟರೂ ಆ ಮರಿಗೆ ಹತ್ತಿಕೊಳ್ಳಲು ತಕ್ಕ ಮೀನು ಸಿಗುವುದೇ ಅಪರೂಪ. ಹೊಳೆಯಲ್ಲಿ ಚಿಪ್ಪು ಇವೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ ಅನ್ನುವುದು ಇದಕ್ಕೇ. ಮರಿ ಇದೆಯಾ, ಎಲ್ಲ ಗಾತ್ರದ್ದೂ ಇದೆಯಾ ಅಂತ ನೋಡಬೇಕು. ಈ ಡಬ್ಬದಲ್ಲಿ ನಾನು ಮುಖ್ಯವಾಗಿ ಹುಡುಕುವುದು ಚಿಕ್ಕವನ್ನು. ದೊಡ್ಡವು ಸುಲಭವಾಗಿ ಕಾಣುತ್ತವೆ. ಉಗುರಿನಷ್ಟು ಚಿಕ್ಕದು ಕಂಡರೆ ಆ ಜಾಗದಲ್ಲಿ ಮೀನೂ ಸರಿ ಇದೆ, ಮರಳೂ ಸರಿ ಇದೆ ಅಂತ ಅರ್ಥ. ನಮ್ಮ ಕಾವೇರಿಯ ಡುಬ್ಬದ ಮಹಶೀರ್ ಮೀನನ್ನು 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅತಿ ಹೆಚ್ಚು ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿತು. ಮೀನಿನ ಬಗ್ಗೆ ಜನ ಮಾತಾಡುತ್ತಾರೆ, ಒಳ್ಳೆಯದೇ. ಮೀನು ಹೋದರೆ ಅದರ ಹಿಂದೆ ಸದ್ದಿಲ್ಲದೆ ಹೋಗುವ ಚಿಪ್ಪಿನ ಬಗ್ಗೆಯೂ ಮಾತಾಡಬೇಕು.

ಇನ್ನು ಡಬ್ಬ ಎಲ್ಲಿ ಸೋಲುತ್ತದೆ ಅಂತ ಹೇಳುತ್ತೇನೆ. ರಭಸದ ನೀರಿನಲ್ಲಿ. ಬಂಡೆಗಳ ನಡುವೆ ಬಿಳಿ ನೊರೆ ಏಳುವ ಜಾಗದಲ್ಲಿ ಇದನ್ನು ಹಿಡಿದು ನಿಲ್ಲಲು ಆಗುವುದೇ ಇಲ್ಲ. ಬದಿಯಿಂದ ತಳ್ಳುವ ನೀರು ಡಬ್ಬವನ್ನು ಓರೆ ಮಾಡುತ್ತದೆ, ಹಾಳೆಯ ಅಡಿಗೆ ಗುಳ್ಳೆ ತುಂಬಿಕೊಳ್ಳುತ್ತದೆ. ಗುಳ್ಳೆ ಬಂದಾಗ ಸ್ವಲ್ಪ ವಾಲಿಸಿ ಬಿಡಬೇಕು, ಮತ್ತೆ ನೇರ ಮಾಡುವಷ್ಟರಲ್ಲಿ ಮತ್ತೆ ಗುಳ್ಳೆ.

ಇದು ನನಗೆ ದೊಡ್ಡ ಬೇಜಾರು. ಯಾಕೆಂದರೆ ಪಶ್ಚಿಮಘಟ್ಟದ ಅತ್ಯಂತ ವಿಶೇಷದ ಚಿಪ್ಪು ಇರುವುದು ಅಂಥ ಕಡೆಯೇ. ಸ್ಯೂಡೋಮುಲೇರಿಯಾ ಡೇಲಿಯೈ ಅಂತ ಹೆಸರು. 1898ರಲ್ಲಿ ಎಡ್ಗರ್ ಸ್ಮಿತ್ ಇದನ್ನು ಮೊದಲ ಸಲ ವಿವರಿಸಿದರು. ಬೇರೆ ಕಪ್ಪೆಚಿಪ್ಪುಗಳ ಹಾಗೆ ಇದು ಮರಳಲ್ಲಿ ಹೂತು ಓಡಾಡುವುದಿಲ್ಲ. ಹರಿವ ನೀರಿನ ಬಂಡೆಗೆ ಒಂದು ಚಿಪ್ಪನ್ನು ಸಿಮೆಂಟು ಹಾಕಿದಂತೆ ಅಂಟಿಸಿಕೊಂಡು, ಇನ್ನೊಂದನ್ನು ಮುಚ್ಚಳ ಮಾಡಿಕೊಂಡು, ಇದ್ದಲ್ಲೇ ಬೆಳೆಯುತ್ತದೆ. ಆಕಾರಕ್ಕೆ ಲೆಕ್ಕವಿಲ್ಲ, ಬಂಡೆ ಹೇಗಿದೆಯೋ ಹಾಗೆ. ಹೀಗೆ ಬಂಡೆಗೆ ಅಂಟುವ ಸಿಹಿನೀರಿನ ಚಿಪ್ಪುಗಳು ಪ್ರಪಂಚದಲ್ಲೇ ಬೆರಳೆಣಿಕೆ, ಆಫ್ರಿಕಾದಲ್ಲಿ, ದಕ್ಷಿಣ ಅಮೆರಿಕದಲ್ಲಿ, ಮತ್ತೆ ನಮ್ಮಲ್ಲಿ. ಮೂರೂ ಒಂದೇ ಕುಟುಂಬ, ಖಂಡಗಳು ಒಂದಾಗಿದ್ದ ಕಾಲದ ನೆಂಟರು ಅಂತ ಬಹಳ ಕಾಲ ಅಂದುಕೊಂಡಿದ್ದರು. 2000ನೇ ಇಸವಿಯಲ್ಲಿ ಬೋಗನ್ ಮತ್ತು ಹೋ ಡಿಎನ್‌ಎ ಹೋಲಿಸಿ ನೋಡಿದಾಗ ನಮ್ಮದು ಬೇರೆ ಕುಟುಂಬ, ಮರಳಲ್ಲಿ ಹೂತಿರುವ ನಮ್ಮ ಮಾಮೂಲಿ ಕಪ್ಪೆಚಿಪ್ಪುಗಳ ಬಳಗಕ್ಕೇ ಸೇರಿದ್ದು ಅಂತ ಗೊತ್ತಾಯಿತು. ಅಂದರೆ ಬಂಡೆಗೆ ಅಂಟಿ ಬದುಕುವ ಉಪಾಯವನ್ನು ಇದು ಬೇರೆಯಾಗಿಯೇ ಕಂಡುಕೊಂಡಿದೆ. ಕರ್ನಾಟಕದ ಪಶ್ಚಿಮಘಟ್ಟದ ಕೆಲವೇ ಹೊಳೆಗಳಲ್ಲಿ ಉಳಿದಿದೆ, ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿದೆ. ಓಡಿಹೋಗಲು ಆಗದ ಪ್ರಾಣಿ. ಬಂಡೆ ಒಡೆದರೆ ಅದೂ ಹೋಯಿತು, ಅಣೆಕಟ್ಟಿನ ನಿಂತ ನೀರಲ್ಲಿ ಮುಳುಗಿದರೂ ಹೋಯಿತು.

ಇಂಥದ್ದನ್ನು ಹುಡುಕಲು ಈ ಡಬ್ಬ ಸಾಲದು. ಕಂಪನಿಯವರು ಇದೇ ಡಬ್ಬವನ್ನು ಇನ್ನೂ ಸಪೂರ ಮಾಡಿ, ಉದ್ದ ಜಾಸ್ತಿ ಮಾಡಿ ಕೊಟ್ಟರೆ ನೀರು ತಳ್ಳುವುದು ಕಡಿಮೆಯಾಗುತ್ತದೆ. ಈಗಿರುವುದರ ತಳ 25 ಸೆಂಟಿಮೀಟರ್ ಅಗಲ ಇದೆ. ನಾಲ್ಕು ಇಂಚು ಒಳಗೆ ಒತ್ತಬೇಕಾದರೆ ಸುಮಾರು ಐದು ಕೆಜಿ ಭಾರದಷ್ಟು ಶಕ್ತಿ ಬೇಕು, ಅಷ್ಟು ಜೋರಾಗಿ ನೀರು ಅದನ್ನು ಮೇಲೆ ದೂಡುತ್ತದೆ. ಅರ್ಧ ಗಂಟೆ ಬಾಗಿ ಹಿಡಿದರೆ ಭುಜ, ಸೊಂಟ ಎರಡೂ ಮಾತಾಡುತ್ತವೆ. ಮಕ್ಕಳ ಕೈಗೆ ಕೊಟ್ಟರೆ ದೊಡ್ಡವರು ಒಬ್ಬರು ಹಿಡಿ ಒತ್ತಿಕೊಂಡಿರಬೇಕು.

ನಮ್ಮ ಕೊಡಗಿನ ಹೊಳೆಗಳಲ್ಲಿ ಇದನ್ನು ಇಟ್ಟು ನೋಡಿದ ಮೇಲೆ ಕೆಲವು ವಿಷಯ ಹೇಳದೇ ಇರಲು ಆಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಕ್ಕಂದೂರು, ಜೋಡುಪಾಲ ಕಡೆಯ ಮಣ್ಣೆಲ್ಲ ತೋಡು, ಹೊಳೆಗೆ ಇಳಿಯಿತಲ್ಲ. ಆ ಕಡೆಯ ತೋಡೊಂದರಲ್ಲಿ ನೋಡಿದೆ. ಮೇಲಿಂದ ನೀರು ಕನ್ನಡಿ. ಡಬ್ಬ ಇಟ್ಟರೆ ಜಲ್ಲಿಯ ಸಂದಿ ಸಂದಿಯಲ್ಲೂ ನುಣ್ಣನೆಯ ಕೆಮ್ಮಣ್ಣು ಕೂತಿದೆ. ಬೆರಳು ಆಡಿಸಿದರೆ ಹೊಗೆ ಎದ್ದಂತೆ ಏಳುತ್ತದೆ. ಚಿಪ್ಪಿನ ಮರಿಗೆ ಉಸಿರಾಡಲು ಬೇಕಾದ ಸಂದಿ ಅದು.

ಮತ್ತೆ ಔಷಧಿ. ಮಳೆಗೆ ಮುಂಚೆ ಕಾಫಿಗೆ, ಕರಿಮೆಣಸಿಗೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶಿಲೀಂಧ್ರದ ಔಷಧಿ, ಹೊಡೆಯುತ್ತೇವೆ, ಹೊಡೆಯದೆ ವಿಧಿಯಿಲ್ಲ. ಆದರೆ ಕೆಲಸ ಮುಗಿಸಿ ಪಂಪು, ಡ್ರಮ್ಮು ತೊಳೆಯುವುದು ಎಲ್ಲಿ? ತೋಡಿನ ಅಂಚಲ್ಲಿ. ಪಕ್ಕದ ತೋಟದವರ ಹತ್ತಿರ ಹೇಳಿದಾಗ "ಒಂದು ಪಂಪು ತೊಳೆದರೆ ಏನಾಗುತ್ತೆ ಮಾರಾಯ್ರೆ, ಹೊಳೆ ಇಷ್ಟು ದೊಡ್ಡದಿದೆ" ಅಂದರು. ಅವರಿಗೆ ನಾನು ಲೆಕ್ಕ ಹೇಳಿದೆ, ಇಲ್ಲೂ ಹೇಳುತ್ತೇನೆ. ಮೆಣಸಿಗೆ ಹೊಡೆಯುವ ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರಿಗೆ 1 ಕೆಜಿ ಮೈಲುತುತ್ತ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಹಾಗಾದರೆ ಪಂಪಿನ ತಳದಲ್ಲಿ ಉಳಿದ ಒಂದು ಲೀಟರಿನಲ್ಲಿ ಎರಡೂವರೆ ಗ್ರಾಂ ತಾಮ್ರ ಇದೆ. ಕಪ್ಪೆಚಿಪ್ಪಿನ ಮರಿಗಳು ತಾಮ್ರಕ್ಕೆ ಎಷ್ಟು ಬೇಗ ಸೋಲುತ್ತವೆ ಅಂದರೆ, ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ಇದ್ದರೂ ಸಾಯುವ ಜಾತಿಗಳಿವೆ. ಎರಡೂವರೆ ಗ್ರಾಂ ಅನ್ನುವುದು 50,000 ಲೀಟರ್ ನೀರಿಗೆ ಲೀಟರಿಗೆ 50 ಮೈಕ್ರೋಗ್ರಾಂನಂತೆ ಹಂಚುವಷ್ಟು. ಸುಣ್ಣ ಇರುವುದರಿಂದ ಅಷ್ಟೂ ನೀರಲ್ಲಿ ಕರಗುವುದಿಲ್ಲ ನಿಜ, ಬಹುಪಾಲು ತಳಕ್ಕೆ ಕೂರುತ್ತದೆ. ಮರಿ ಇರುವುದೂ ತಳದಲ್ಲೇ ಅಲ್ವಾ? ಪಂಪನ್ನು ತೋಟದ ಒಳಗೇ, ಗಿಡದ ಬುಡಕ್ಕೆ ತೊಳೆದು ಚೆಲ್ಲಿದರೆ ಆಯಿತು. ಅವರು ಈಗ ಹಾಗೇ ಮಾಡುತ್ತಿದ್ದಾರೆ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರಿನ ಕಥೆಯೂ ಅಷ್ಟೇ. ಹಣ್ಣು ಕುಯ್ಯುವ ಕಾಲದಲ್ಲಿ ಆ ಹುಳಿ ನೀರು ತೋಡಿಗೆ ಹೋದರೆ, ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಮೀನಾದರೆ ಓಡುತ್ತದೆ, ಚಿಪ್ಪು ಎಲ್ಲಿಗೆ ಓಡಬೇಕು? ಅದರ ಬೆನ್ನಿಗೇ ಕಾಫಿ ಹೂ ಅರಳಿಸುವ ಬ್ಲಾಸಮ್ ನೀರಿಗೆ ಮೋಟರ್ ಇಟ್ಟು ಹೊಳೆ ಎಳೆಯುತ್ತೇವೆ. ಹೂ ಅರಳಲೇಬೇಕು, ಬದುಕು ಅದರಲ್ಲೇ ಇದೆ. ಆದರೆ ಹೂಮಳೆ ಒಳ್ಳೆಯದಾಗಿ ಬಿದ್ದ ಮೇಲೂ ಮೋಟರ್ ಇರುತ್ತದೆ, ಅದು ಬೇಡ. ಸಾಧ್ಯ ಇರುವವರು ಮಳೆಗಾಲದಲ್ಲೇ ಕೆರೆ ತುಂಬಿಸಿಟ್ಟುಕೊಂಡರೆ ಫೆಬ್ರವರಿಯ ಹೊಳೆಗೆ ಅಷ್ಟು ಉಪಕಾರ.

ಸರಿ, ಡಬ್ಬದ ದೋಷಗಳಿಗೆ ಬರುತ್ತೇನೆ. ಅಕ್ರಿಲಿಕ್ ಬೇಗ ಗೀರು ಬೀಳುತ್ತದೆ. ಮರಳಿನ ಮೇಲೆ ಒಂದು ಸಲ ಇಟ್ಟರೂ ಸಾಕು. ಇಡುವುದಾದರೆ ಬದಿ ಮಾಡಿ ಮಲಗಿಸಿ, ತಳ ಕೆಳಗೆ ಮಾಡಿ ಇಡಬೇಡಿ. ಒಳಗಿನಿಂದ ಉಸಿರಿನ ಮಂಜು ಕಟ್ಟುತ್ತದೆ, ಅದರಲ್ಲೂ ಚಳಿಗಾಲದ ಬೆಳಿಗ್ಗೆ. ಬಾಯಿಂದ ಉಸಿರು ಬಿಡದೆ ಮೂಗಿನಿಂದ ಪಕ್ಕಕ್ಕೆ ಬಿಟ್ಟರೆ ಕಡಿಮೆಯಾಗುತ್ತದೆ. ಹಾಳೆಯ ಒಳಬದಿಗೆ ಒಂದು ಹನಿ ಸೋಪು ಸವರಿ ಒಣ ಬಟ್ಟೆಯಲ್ಲಿ ಒರೆಸಿದರೂ ಆಗುತ್ತದೆ, ಹೊರಬದಿಗೆ ಬೇಡ, ಸೋಪು ನೀರಿಗೆ ಹೋಗುತ್ತದೆ. ಹಿಡಿಯ ಬೋಲ್ಟುಗಳು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದವು. ನೀರಲ್ಲಿ ಬಳಸುವ ಸಾಮಾನಿಗೆ ತುಕ್ಕು ಹಿಡಿಯುವ ಬೋಲ್ಟು ಹಾಕುವುದು ತಪ್ಪು, ಇದಕ್ಕೇ ಒಂದು ಸ್ಟಾರ್ ಕಡಿತ. ಪಾರ್ಸೆಲ್ ಬಂದ ಪೆಟ್ಟಿಗೆ ಕೂಡ ತೆಳು, ರಬ್ಬರಿನ ಒಂದು ಅಂಚು ಬಾಗಿಯೇ ಬಂತು. ಬರೆದು ಕೇಳಿದರೆ ಮಾರಿದವರು ಉತ್ತರ ಕೊಡಲಿಲ್ಲ. ಬಿಸಿನೀರಲ್ಲಿ ಅದ್ದಿ ನಾನೇ ಸರಿಮಾಡಿಕೊಂಡೆ.

ಈಜುವ ಕನ್ನಡಕ ಸಾಲದಾ ಅಂತ ಕೇಳಬಹುದು. ಸಾಲುತ್ತದೆ, ಆದರೆ ತಲೆ ಮುಳುಗಿಸಬೇಕು, ಜನವರಿಯ ಕಾವೇರಿ ಎಷ್ಟು ತಣ್ಣಗಿರುತ್ತದೆ ಅಂತ ನಿಮಗೇ ಗೊತ್ತು. ಸುತ್ತ ಏನು ಬರುತ್ತಿದೆ ಅಂತಲೂ ಕಾಣುವುದಿಲ್ಲ. ಆನೆ ನೀರಿಗೆ ಇಳಿಯುವ ಕಡವು, ಮೊಸಳೆ ಇದೆ ಅಂತ ಊರವರು ಹೇಳುವ ಗುಂಡಿ, ಅಣೆಕಟ್ಟಿನಿಂದ ನೀರು ಬಿಡುವ ಕೆಳಭಾಗ, ಈ ಮೂರು ಕಡೆ ಡಬ್ಬ ಇರಲಿ ಬಿಡಲಿ ಇಳಿಯಲೇಬೇಡಿ. ಒಬ್ಬರೇ ಹೋಗಬೇಡಿ, ಬಾಗಿ ನೋಡುವಾಗ ದಡದಲ್ಲಿ ಇನ್ನೊಬ್ಬರು ನಿಂತಿರಲಿ. ಮೊಣಕಾಲು ಮಟ್ಟದ ನೀರಿನಲ್ಲೇ ಸಾಕಷ್ಟು ಕಾಣುತ್ತದೆ. ಕಾಲಿಡುವುದೂ ನಿಧಾನ, ನಾವು ಮೆಟ್ಟುವ ಮರಳಲ್ಲೇ ಅವು ಇರುತ್ತವೆ.

ಮನೆಯಲ್ಲೇ ಮಾಡಿಕೊಳ್ಳುವವರಿಗೆ ಒಂದು ದಾರಿ ಇದೆ. ಕಪ್ಪು ಪ್ಲಾಸ್ಟಿಕ್ ಬಕೆಟ್ಟಿನ ತಳ ಕೊಯ್ದು, ಬೋರ್ಡ್ ಬರೆಯುವ ಅಂಗಡಿಯಲ್ಲಿ ಅಕ್ರಿಲಿಕ್ ಹಾಳೆಯನ್ನು ದುಂಡಗೆ ಕತ್ತರಿಸಿಕೊಂಡು, ಸಿಲಿಕೋನ್ ಗಮ್ಮಿನಿಂದ ಕೂರಿಸಿ, ಒಂದು ದಿನ ಪೂರ್ತಿ ಒಣಗಿಸಿ. ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಮುಖಕ್ಕೆ ರಬ್ಬರು ಇರುವುದಿಲ್ಲ, ಪಕ್ಕದ ಬೆಳಕು ಒಳಗೆ ಬರುತ್ತದೆ, ಮೇಲೊಂದು ಟವಲು ಹೊದ್ದುಕೊಂಡರೆ ಸರಿಹೋಗುತ್ತದೆ. ಶಾಲೆಯವರು ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಇಂಥವನ್ನು ನಾಲ್ಕೈದು ಮಾಡಿಟ್ಟುಕೊಳ್ಳುವುದೇ ಲೇಸು.

ಕೊಳ್ಳುವವರು ಬಣ್ಣ ನೋಡಿ ಆರ್ಡರ್ ಮಾಡಿ. ಬಿಳಿಯದ್ದು ಸ್ವಲ್ಪ ಅಗ್ಗಕ್ಕೆ ಬರುತ್ತದೆ, ಬೇಡ. ಒಳಗಿನ ಬಿಳಿ ಗೋಡೆ ಹಾಳೆಯ ಮೇಲೆ ಹೊಳೆದು, ನೋಡಬೇಕಾದ ಸೀಳೇ ಕಾಣುವುದಿಲ್ಲ. ಕಪ್ಪಿರುವುದನ್ನೇ ತರಿಸಿ, ಬಂದ ದಿನವೇ ಬೋಲ್ಟು ಬಿಚ್ಚಿ ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಿಕೊಳ್ಳಿ.